ಬ್ಯಾಡಗಿಗೆ ಬಂದಿದ್ದ ಯುದ್ಧನೌಕೆಯ ಗಂಟೆ

ಸಮುದ್ರವನ್ನು ನಾನು ನೋಡಿದ್ದು ಎರಡೇ ಸಲ. ಎರಡೂ ಸಲ ಕಾರವಾರದಲ್ಲಿ, ಶಾಲೆಯ ಪ್ರವಾಸದ ಮಕ್ಕಳನ್ನು ಎಣಿಸುತ್ತ. ಅಲೆಗಳ ಕಡೆ ಮುಖ ತಿರುಗಿಸುವಷ್ಟರಲ್ಲಿ ಲೆಕ್ಕದಲ್ಲಿ ಒಬ್ಬ ಕಡಿಮೆಯಾಗಿರುತ್ತಿದ್ದ. ಹೀಗಿದ್ದೂ ಎಂಬತ್ತರ ದಶಕದ ಹಾವೇರಿಯಲ್ಲಿ ನೌಕಾಪಡೆಯ ಹಳೆಯ ಸಾಮಾನು ಕೂಡಿಹಾಕುವ ಹುಚ್ಚು ಇದ್ದದ್ದು, ನನಗೆ ತಿಳಿದಮಟ್ಟಿಗೆ, ಭೂಗೋಳದ ಮಾಸ್ತರನಾದ ನನಗೊಬ್ಬನಿಗೇ.

ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಸಿಕ್ಕ, ಲಂಗರಿನ ಚಿತ್ರವಿದ್ದ ಒಂದು ಹಿತ್ತಾಳೆ ಗುಂಡಿಯಿಂದ ಇದು ಶುರುವಾಯಿತು. ಆಮೇಲೆ ನಾವಿಕರ ಟೊಪ್ಪಿಗೆ ಬಂತು, ಮಡಚುವ ದುರ್ಬೀನು ಬಂತು, ಕೆಂಪು ಗಾಜಿನ ಹಡಗಿನ ಕಂದೀಲು ಬಂತು. ರಾಣೇಬೆನ್ನೂರಿನ ನಿವೃತ್ತ ನಾವಿಕರೊಬ್ಬರು ತಮ್ಮ ಸೀಟಿಯನ್ನೇ ಕೊಟ್ಟುಬಿಟ್ಟರು. "ಇದನ್ನ ಊದಿದ್ರ ನಮ್ಮನಿ ನಾಯಿ ಓಡಿಹೋಗ್ತೈತಿ, ನೀವ ಒಯ್ರಿ" ಎಂದರು. ನಡುಮನೆಯ ಗಾಜಿನ ಕಪಾಟಿನಿಂದ ಹೆಂಡತಿ ಸರೋಜಾಳ ಕಪ್ಪು-ಬಸಿಗಳೆಲ್ಲ ಅಡಿಗೆಮನೆಗೆ ವರ್ಗವಾದವು. ಅವಳು ಅವನ್ನು ಒಂದೊಂದಾಗಿ ಎಣಿಸಿ ಒಳಗಿಟ್ಟಳು. ನನಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತ್ತು.

ಒಂದು ಸುಗ್ಗಿಯಲ್ಲಿ ವರ್ಷದ ಖಾರಕ್ಕೆಂದು ಇಬ್ಬರೂ ಬ್ಯಾಡಗಿಗೆ ಹೋದೆವು. ಪರಿಚಯದ ಮೆಣಸಿನಕಾಯಿ ವ್ಯಾಪಾರಿ ಚನ್ನಬಸಪ್ಪನವರ ಅಂಗಳದಲ್ಲಿ ಹೆಂಗಸರು ಕೆಂಪು ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದರು. ನಾನು ಬಿಡುವಿಲ್ಲದೆ ಸೀನುತ್ತಿದ್ದೆ. ಒಂದು ಸೀನಿಗೂ ಇನ್ನೊಂದಕ್ಕೂ ನಡುವೆ, ಮೂಲೆಯಲ್ಲಿ ಬೋರಲು ಬಿದ್ದಿದ್ದ ದಪ್ಪ ಗಂಟೆಯೊಂದು ಕಂಡಿತು. ಗುಡಿಯ ಗಂಟೆಯ ಆಕಾರವಲ್ಲ. ಕರವಸ್ತ್ರದಿಂದ ಉಜ್ಜಿದೆ, ಜಿಡ್ಡು ಜಪ್ಪಯ್ಯ ಅನ್ನಲಿಲ್ಲ. ಸರೋಜಾ ನನ್ನನ್ನು ಪಕ್ಕಕ್ಕೆ ಸರಿಸಿ, ಚೀಲದಲ್ಲಿದ್ದ ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು.

"ರೀ, ಇಲ್ಲೊಂದು ಬಾಣದ ಗುರ್ತು ಐತಿ ನೋಡ್ರಿ!"

ಬಾಣ! ಬ್ರಿಟಿಷ್ ಸರಕಾರ ತನ್ನ ಸೇನೆಯ ಸಾಮಾನಿಗೆ ಒತ್ತುತ್ತಿದ್ದ ಗುರುತು ಅದು. ಮೇಲೆ ಹಡಗಿನ ಹೆಸರು ಸವೆದುಹೋಗಿತ್ತು. ಹೆಸರಿಗೆ ಮೊದಲು ಬರುವ ‘ಎಚ್.ಎಂ.ಐ.ಎಸ್.’ ಮಾತ್ರ ಉಳಿದಿತ್ತು. ಅಂದರೆ ‘ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್’, ಸ್ವಾತಂತ್ರ್ಯಕ್ಕೆ ಮೊದಲಿನ, ನಮ್ಮದೇ ದೇಶದ ಯುದ್ಧನೌಕೆ! ನನ್ನ ಸೀನು ನಿಂತೇಹೋಯಿತು.

"ನಮ್ಮ ಅಪ್ಪ ಮುಂಬೈಕ ಮಾಲು ಕಳಸ್ತಿದ್ರು. ಅಲ್ಲೆ ಹಡಗ ಒಡ್ಯಾಕತ್ತಿದ್ರಂತ, ಇದನ್ನ ತಂದಿದ್ರು" ಎಂದರು ಚನ್ನಬಸಪ್ಪ. "ಈಗ ಕರೆಂಟ್ ಗಂಟಿ ಹಾಕ್ಸೇನಿ. ಇದನ್ನ ಕರಗಿಸಿ ಎರಡು ಕೊಡ ಮಾಡಸ್ತೇನಿ."

"ಕರಗಸಬ್ಯಾಡ್ರಿ!" ನನ್ನ ಕೂಗಿಗೆ ತೊಟ್ಟು ಬಿಡಿಸುವ ಕೈಗಳೆಲ್ಲ ನಿಂತವು.

"ಮನಿಯಾಗ ಕೊಡ ಬೇಕಂತ ಗಂಟಬಿದ್ದಾರ ಮಾಸ್ತರ. ನಾ ಏನ ಮಾಡ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಸರೋಜಾ ಎದ್ದು ನಿಂತಳು. "ಕೊಡಾನ ಬೇಕಲ್ರಿ? ನನ್ನ ತವರಮನಿ ಕೊಡ ಎರಡು ಅದಾವ. ನಾಳೆ ತಂದ ಕೊಡ್ತೇವಿ."

ಹಬ್ಬಕ್ಕೆಂದು ನೆರೆಯವರು ಕೇಳಿದರೂ ಎರವಲು ಕೊಡದ ಕೊಡಗಳು ಅವು. ಹಾವೇರಿಯ ಬಸ್ಸಿನಲ್ಲಿ ಮೆತ್ತಗೆ ಕೇಳಿದೆ: "ನಿನಗ ಬ್ಯಾಸರ ಆಗಲಿಲ್ಲೇನು?"

"ಆ ಬಾಣ ಮೊದಲ ಕಂಡದ್ದು ಯಾರಿಗಿ?" ಎಂದಳು. ಆವತ್ತಿನಿಂದ ಸಂಗ್ರಹಕ್ಕೆ ಇಬ್ಬರು ಒಡೆಯರು.

ಕೊಡ ಕೊಟ್ಟು ತಂದ ಗಂಟೆಗೆ ಸಾಗವಾನಿಯ ಚೌಕಟ್ಟು ಮಾಡಿಸಿದೆವು. ಒಂದು ರವಿವಾರ ಬಾಗಿಲು ತೆರೆದಿಟ್ಟು ಊರನ್ನೆಲ್ಲ ಕರೆದೆವು. ‘ಮುಟ್ಟಬಾರದು’ ಎಂದು ದಪ್ಪ ಅಕ್ಷರದಲ್ಲಿ ಬರೆದು ನೇತುಹಾಕಿದ್ದೆ. ಹಡಗಿನಲ್ಲಿ ಅರ್ಧ ತಾಸಿಗೊಮ್ಮೆ ಗಂಟೆ ಬಾರಿಸುತ್ತಾರೆ, ಎಂಟು ಬಡಿತವಾದರೆ ಒಂದು ಪಾಳಿ ಮುಗಿದಂತೆ ಎಂದು ಬಂದವರಿಗೆಲ್ಲ ಉತ್ಸಾಹದಿಂದ ಹೇಳಿದ್ದೇ ಹೇಳಿದ್ದು. ಬಂದವರು ತಲೆದೂಗಿ, ಚಹಾ ಕುಡಿದು ಹೊರಡುತ್ತಿದ್ದರು. ಯಾರೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ನನಗೆ ಒಳಗೊಳಗೇ ಪಿಚ್ಚೆನ್ನಿಸತೊಡಗಿತ್ತು.

ಮಧ್ಯಾಹ್ನದ ಹೊತ್ತಿಗೆ, ಹೇಗೋ ಸುದ್ದಿ ತಿಳಿದು, ಬ್ಯಾಡಗಿಯ ಅಂಗಳದಲ್ಲಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಗುಂಪಾಗಿ ಬಂದುಬಿಟ್ಟರು. ಮುಂದೆ ಹಿರಿಯಳಾದ ಹನುಮವ್ವ.

"ನಮ್ಮ ಗಂಟಿ ನೋಡಾಕ ಬಂದೇವ್ರಿ ಬಾಯಾರ" ಎಂದಳು ಸರೋಜಾಳಿಗೆ. ಗಂಟೆಯ ಬಳಿ ಹೋಗಿ ನನ್ನ ಫಲಕವನ್ನು ನಿಧಾನವಾಗಿ ಓದಿದಳು. ನಕ್ಕಳು. "ಇಷ್ಟು ವರ್ಷ ಮುಟ್ಟೇವಿ, ಈಗ ಏನ ಆಕ್ಕೈತ್ರಿ?"

ಸರೋಜಾ ಫಲಕವನ್ನೇ ಕಿತ್ತು ಕಪಾಟಿನ ಹಿಂದೆ ಹಾಕಿದಳು. ಹನುಮವ್ವ ಗಂಟೆಯ ನಾಲಿಗೆಗೆ ಕಟ್ಟಿದ್ದ ಹಗ್ಗ ಹಿಡಿದು ಢಣ್ ಎನ್ನಿಸಿದಳು. ಅಬ್ಬಾ, ಆ ದನಿ! ಕಪಾಟಿನ ಗಾಜು ನಡುಗಿತು, ಓಣಿಯ ಜನ ಬಾಗಿಲಿಗೆ ಬಂದರು. ಅಷ್ಟರಲ್ಲಿ ಆ ಹೆಂಗಸರೆಲ್ಲ ಸಾಲಾಗಿ ನೆಲದ ಮೇಲೆ ಕುಳಿತು, ಬುತ್ತಿಯ ಗಂಟು ಬಿಚ್ಚತೊಡಗಿದ್ದರು. ಇಷ್ಟು ವರ್ಷ ಆ ಗಂಟೆ ಅವರನ್ನು ಕರೆಯುತ್ತಿದ್ದದ್ದು ಊಟಕ್ಕೆ.

ರೊಟ್ಟಿ, ಕೆಂಪು ಖಾರ, ಶೇಂಗಾ ಚಟ್ನಿ. ಸರೋಜಾ ಮೊಸರಿನ ಗಡಿಗೆಯನ್ನೇ ತಂದಿಟ್ಟಳು. ನೋಡಲು ಬಂದವರೂ ಒಬ್ಬೊಬ್ಬರಾಗಿ ಕುಳಿತರು, ನಾನೂ ಕುಳಿತೆ. ದುರ್ಬೀನು ಕೈಯಿಂದ ಕೈಗೆ ಹೋಯಿತು. ಟೊಪ್ಪಿಗೆ ಯಾರದೋ ತಲೆಯೇರಿತು. ನನ್ನ ನಡುಮನೆ ಹಡಗಿನಂತೆ ಗದ್ದಲವಾಗಿದ್ದು ಅದೇ ಮೊದಲು.

ಆಗ ನಮ್ಮ ಶಾಲೆಯ ಇತಿಹಾಸದ ಮಾಸ್ತರರು ಬಂದರು. ಗಂಟೆಯನ್ನು ಗಂಭೀರವಾಗಿ ಸುತ್ತುಹಾಕಿ, "ಇದು ಯಾವ ಯುದ್ಧದಾಗ ಬಾರಿಸಿದ್ದರಿ?" ಎಂದು ಕೇಳಿದರು. ನನ್ನ ಬಾಯ್ತುಂಬ ರೊಟ್ಟಿ.

ಹನುಮವ್ವ ಸರಿದು ಜಾಗ ಮಾಡಿದಳು. "ಯುದ್ಧ ನನಗ ಗೊತ್ತಿಲ್ರಿ. ನೀವು ಲಗೂನ ಕೈ ತೊಳಕೊಂಡ ಬರ್ರಿ."