ಬೆನ್ನಿಗೆ ಹಿತವಾದ ಶಾಖ

ನಮ್ಮ ಕಾಕಾನ ನಡ ಹಿಡಿದುಕೊಂಡು ವರ್ಷಗಳಾಗಿದ್ದವು. ಸಾದಾ ಸೈಕಲ್ಲಿನ ಸೀಟಿನ ಮೇಲೆ ಕೂಡಲು ಆಗುತ್ತಿರಲಿಲ್ಲ. ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಅವರಿಗೆ ಒಂದು ಹಳೆಯ ಸೈಕಲ್ ಸಿಕ್ಕಿತು. ಆರಾಮ ಕುರ್ಚಿಯಲ್ಲಿದ್ದಂತೆ ಹಿಂದಕ್ಕೆ ಒರಗಿ, ಕಾಲು ಮುಂದೆ ಚಾಚಿ ತುಳಿಯುವಂಥದ್ದು. ಸಂಶಿಯ ನಮ್ಮ ಮನೆಗೆ ಅದನ್ನು ತಂದ ದಿನ ಅವರ ಹೆಂಡತಿ, ನಮ್ಮ ಕಾಕು, ಬಾಗಿಲಲ್ಲೇ ನಿಂತು ಕೇಳಿದರು: "ದಿಂಬೂ ಕೊಡ್ಲೇನ್ರಿ?"

ಕೆಲವೇ ದಿನಕ್ಕೆ ಕಾಲೂ ಸೋತವು. ಕಾಕಾ ಹಿಂದಿನ ಗಾಲಿಗೆ ಮೋಟಾರು ಹಾಕಿಸಿದರು. ಕೆಟ್ಟುನಿಂತ ಕರೆಂಟ್ ಸ್ಕೂಟರಿನಿಂದ ಬಿಚ್ಚಿದ ಬ್ಯಾಟರಿಯನ್ನು ಸೀಟಿನ ಬೆನ್ನಿಗೆ ಕಟ್ಟಿದರು. ನಮ್ಮ ಕರಿಮಣ್ಣಿನ ಎರಿಹೊಲದ ರಸ್ತೆಯ ತಗ್ಗುಗಳಲ್ಲಿ ಅದು ಕುಲುಕಬಾರದೆಂದು ಕಾಕುವಿನ ಕಡೆಯಿಂದ ಕೌದಿಯ ಚೀಲ ಹೊಲಿಸಿದರು. ನಮ್ಮ ಮನೆಯಲ್ಲಿ ಜೋಪಾನ ಮಾಡಬೇಕಾದದ್ದೆಲ್ಲ ಕೌದಿಯೊಳಗೇ ಇರುತ್ತದೆ: ಕೂಸು, ಹೊಲಿಗೆ ಯಂತ್ರ, ಹಾರ್ಮೋನಿಯಂ. ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಆ ಚೀಲ ನನಗೂ ಚೆಂದವೇ ಕಂಡಿತು. ತಗ್ಗಿಗೆ ಮೈ ಜಾರುತ್ತದೆಂದು ಕಾಕಾ ಉಳಿದ ಸೀರೆಯ ಪಟ್ಟಿಯಿಂದ ತಮ್ಮ ನಡವನ್ನೂ ಸೀಟಿಗೆ ಕಟ್ಟಿಸಿಕೊಂಡರು. ಗಂಟು ಸೀಟಿನ ಹಿಂದೆ ಬಿತ್ತು.

ಬೇಸಿಗೆಯ ಮಧ್ಯಾಹ್ನ ಗುಡಗೇರಿ ಕಡೆ ಹೊರಟೆವು. ಅವರು ಮುಂದೆ, ನಾನು ಸ್ಕೂಟಿಯಲ್ಲಿ ಹಿಂದೆ. ಎರಡೂ ಬಾಜು ಹೊಲ ಬಾಯಿಬಿಟ್ಟಿತ್ತು. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ವಲ್ಪ ದೂರ ಹೋಗುವುದರೊಳಗೆ ಉಗುರಿಗೆ ಹಚ್ಚುವ ಬಣ್ಣದಂಥ ಸಿಹಿ ವಾಸನೆ ಬಂತು. ಅಲ್ಲಿ ಅಂಥ ವಾಸನೆ ಬರಲು ಕಾರಣವೇ ಇರಲಿಲ್ಲ. ಕಾಕಾನ ಬಾಜು ಹೋದೆ.

"ಬೆನ್ನಿಗೆ ಅಗದಿ ಹಿತ ಆಗೇತಿ ನೋಡ ಬೇ," ಎಂದರು ಕಾಕಾ. "ಕಾಸಿದಂಗ. ನಿಮ್ಮ ಕಾಕು ಇಷ್ಟ ಚಲೋ ಶಾಖಾ ಎಂದೂ ಕೊಟ್ಟಿಲ್ಲ."

ಕೌದಿಯ ಹೊಲಿಗೆಯ ಸಂದಿನಿಂದ ಎಳೆಯಂತೆ ಬಿಳಿ ಹೊಗೆ ಬರುತ್ತಿತ್ತು.

"ಕಾಕಾ, ನಿಂದರ್ರಿ."

"ಈಗರ ಓಟ ಹಿಡದೈತಿ."

ಸ್ಕೂಟಿಯನ್ನು ಅಡ್ಡ ಹಾಕಿದೆ. ಅವರು ಬೈಯುತ್ತ ನಿಲ್ಲಿಸಿದರು. ಬ್ಯಾಟರಿಯೊಳಗೆ, ಸೀಟಿ ಹೊಡೆಯುವ ಮೊದಲು ಕುಕ್ಕರ್ ಮಾಡುವಂಥ ಸಪ್ಪಳ. ಗಂಟು ಕುಲುಕಿ ಕುಲುಕಿ ಕಲ್ಲಾಗಿತ್ತು. ಬೆರಳು ಇಟ್ಟರೆ ಸುಡುತ್ತಿತ್ತು. ಕಾಕಾ ಕಾಲು ಮುಂದೆ ಚಾಚಿ ಅಂಗಾತ ಒರಗಿದ್ದರು. ಅವರಿಗೆ ಹಿಂದಿನದು ಏನೂ ಕಾಣುತ್ತಿರಲಿಲ್ಲ.

"ಸಾವಕಾಶ, ಬೇ. ಸೀರಿ ಹರದೀತು."

ನಾನು ಗಂಟಿಗೆ ಹಲ್ಲು ಹಚ್ಚಿದೆ. ಆಗಲಿಲ್ಲ. ಅವರ ಬಗಲಿಗೆ ಕೈಹಾಕಿ ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಕಾವಿಗೆ ಬಾಡಿದ ಸೀರೆ ಪರ್ ಎಂದು ಹರಿಯಿತು. ಇಬ್ಬರೂ ರಸ್ತೆ ಬದಿಯ ಹರಿಯ ತಗ್ಗಿಗೆ ಬಿದ್ದೆವು. ಬಿದ್ದು ಎರಡು ಉಸಿರೂ ಆಗಿರಲಿಲ್ಲ. ಅವರು ಒರಗಿದ್ದ ಜಾಗದಲ್ಲಿ ಬೆಂಕಿ ಆಳೆತ್ತರಕ್ಕೆ ಎದ್ದಿತು.

ಕಾಕಾನ ಬೆನ್ನಿನ ಮೇಲೆ ಅಂಗೈಯಷ್ಟು ಜಾಗ ಕೆಂಪಾಗಿತ್ತು, ಅಷ್ಟೇ. ಅದು ಮಾಯಿತು, ನಡನೋವು ಉಳಿಯಿತು. ಸಂಜೆ ಕಾಕು ಬಿಸಿನೀರಿನ ಚೀಲ ತಂದರೆ ಅವರು ಬೋರಲು ಮಲಗಿ, "ಇನ್ನೊಂದೀಟ ಬಿಸಿ ಇರ್ಲಿ" ಎನ್ನುತ್ತಾರೆ. ಕಾಕು ಈಗ ಚೀಲವನ್ನು ಮೊದಲು ನನ್ನ ಕೈಗೆ ಕೊಡುತ್ತಾರೆ. ನಾನು ಮೂಸಿ ನೋಡುತ್ತೇನೆ. ರಬ್ಬರಿನ ವಾಸನೆ. ಬೆನ್ನ ಮೇಲೆ ಇಟ್ಟ ಮೇಲೂ ನನ್ನ ಅಂಗೈ ಅದರ ಕೆಳಗೇ ಇರುತ್ತದೆ.

"ಕೈ ತಗಿ, ಬೇ," ಎನ್ನುತ್ತಾರೆ ಕಾಕಾ. "ಶಾಖಾ ಹತ್ತವಲ್ದು."