ದುಡ್ಡು ಕೊಟ್ಟರೆ ಬೈಯಬಹುದು

ಡಿಸೆಂಬರ್ ಬಂತು. ತೋಟಗಳಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪಿಂಗ್ ಶುರುವಾಗಿ, ಸಿಪ್ಪೆ ಕೊಳೆಯುವ ಹುಳಿ ವಾಸನೆ ಸುಂಟಿಕೊಪ್ಪದ ನನ್ನ ಕೋಣೆಯವರೆಗೂ ಬರುತ್ತಿದೆ. ನಿಮಗಾದರೆ ಮೂಗು ಮುಚ್ಚಿಕೊಳ್ಳಬೇಕೆನಿಸೀತು. ನನಗೆ ಮಾತ್ರ ಚೆಟ್ಟಳ್ಳಿಯ ರುಕ್ಮಿಣಿ ನೆನಪಾಗಿ ಮೈಯಲ್ಲಿ ಹುರುಪು ಏಳುತ್ತದೆ.

ರುಕ್ಮಿಣಿ ಅಲ್ಲಿನ ಒಂದು ಎಸ್ಟೇಟಿನ ರೈಟರು. ಯಾರು ಎಷ್ಟು ಹಣ್ಣು ಕುಯ್ದರೆಂದು ಸಂಜೆ ತೂಗಿ ಬರೆಯುವುದು ಅವರ ಕೆಲಸ; ತೂಕದ ಮೇಲೆ ದಿನಾ ಜಗಳ. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನಾನು ಹೋದ ವರ್ಷದ ಕೊಯ್ಲಿನಲ್ಲಿ ಅದಕ್ಕೊಂದು ಮೊಬೈಲ್ ಆ್ಯಪ್ ಮಾಡಿದೆ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ, ಮಾರಿ ಎಂಬ ಮುಕ್ತ ಪರವಾನಗಿಯನ್ನೂ ಅಂಟಿಸಿದೆ. ಅವರು ದುಡ್ಡು ಚಾಚಿದಾಗ ಹಾವು ಕಂಡವನಂತೆ ಕೈ ಹಿಂದೆಳೆದುಕೊಂಡೆ. ಮುಕ್ತವೆಂದ ಮೇಲೆ ಕಾಸು ಮುಟ್ಟಬಾರದೆಂದು ನನಗೆ ಯಾರೂ ಹೇಳಿರಲಿಲ್ಲ; ನನ್ನದೇ ದೊಡ್ಡಸ್ತಿಕೆ, ಅಷ್ಟೆ.

ಹದಿನೈದು ದಿನದ ಮೇಲೆ ಹೋಗಿ ನೋಡಿದರೆ ರುಕ್ಮಿಣಿ ಮತ್ತೆ ಪುಸ್ತಕದಲ್ಲೇ ಬರೆಯುತ್ತಿದ್ದರು. ಆ್ಯಪ್ ಮೂರನೇ ದಿನವೇ ನಿಂತುಹೋಗಿತ್ತಂತೆ.

"ಒಂದು ಫೋನ್ ಮಾಡ್ಬಾರ್ದಿತ್ತಾ?"

"ಪುಕ್ಸಟ್ಟೆ ಕೊಟ್ಟೋರಿಗೆ ಹೆಂಗೆ ಭಟ್ರೇ ಫೋನ್ ಮಾಡೋದು? ದುಡ್ಡು ತಗೊಂಡಿದ್ರೆ ಅವತ್ತೇ ಬೈತಿದ್ದೆ."

ನನ್ನ ಮುಖ ಸಪ್ಪಗಾಯಿತು. ಅಷ್ಟು ಆಸೆಯಿಂದ ಮಾಡಿದ್ದು ಸಂಕೋಚದ ದೆಸೆಯಿಂದ ಮೂಲೆ ಸೇರಿತ್ತು.

"ನಿಮ್ಮಪ್ಪ ಮಂತ್ರಕ್ಕೆ ಬೀಗ ಹಾಕಿದ್ರಾ? ಇಲ್ವಲ್ಲ. ಹಂಗಂತ ದಕ್ಷಿಣೆ ಬೇಡ ಅಂದ್ರಾ?" ಎಂದರು.

ಮಡಿಕೇರಿಯಲ್ಲಿ ಅರ್ಚಕರಾಗಿದ್ದ ಅಪ್ಪ ದಕ್ಷಿಣೆಯನ್ನು ಕಣ್ಣಿಗೊತ್ತಿಕೊಂಡೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಮಾರಬಹುದೆಂದು ಊರಿಗೆಲ್ಲ ಬರೆದುಕೊಟ್ಟ ನನಗೆ, ಆ ಊರಿನಲ್ಲಿ ನಾನೂ ಇದ್ದೇನೆಂದು ಆಗ ಹೊಳೆಯಿತು. ಸಾವಿರ ರೂಪಾಯಿ ಇಸಿದುಕೊಂಡೆ. ಮರುದಿನದಿಂದಲೇ ಫೋನಿನಲ್ಲಿ ಬೈಗುಳ ಶುರುವಾಯಿತು ನೋಡಿ! ಬೈಸಿಕೊಂಡು ಬೈಸಿಕೊಂಡೇ ಆ್ಯಪ್ ನೆಟ್ಟಗಾಯಿತು.

ಇವತ್ತು ಬೆಳಿಗ್ಗೆ ಕುಟ್ಟ ಊರಿನ ಗೆಳೆಯನೊಬ್ಬ ಚಾಡಿ ಹೇಳುವ ಉತ್ಸಾಹದಲ್ಲಿ ಬಂದ. "ಆ ರುಕ್ಮಿಣಿ ನಿಮ್ಮ ಆ್ಯಪ್‌ನ ನಮ್ಮ ಕಡೆ ಎಸ್ಟೇಟಿಗೆಲ್ಲ ಎರಡು ಸಾವಿರಕ್ಕೆ ಮಾರ್ತಿದ್ದಾರೆ ಮಾರಾಯ್ರೆ."

ಫೋನ್ ಮಾಡಿದೆ. "ಪರವಾನಗಿ ಓದಿದ್ರಾ?"

"ಓದ್ಕೊಂಡೇ ಮಾರಿದ್ದು ಭಟ್ರೇ. ಓದೋಕೆ ಬರ್ದೇ ಇರೋ ಕೂಲಿಯೋರಿಗೆ ತೂಕವನ್ನ ತಮಿಳಲ್ಲಿ, ಮಲಯಾಳದಲ್ಲಿ ಕೂಗಿ ಹೇಳೋ ಹಂಗೆ ದುಡ್ಡು ಕೊಟ್ಟು ಮಾಡ್ಸಿದ್ದೀನಿ. ಈಗ ಜಗಳನೇ ಇಲ್ಲ."

ವರ್ಷಗಟ್ಟಲೆ ಕೂತರೂ ನನ್ನ ತಲೆಗೆ ಬಾರದ ಸಂಗತಿ! ಸಂತೋಷಕ್ಕೆ ಕೂತಲ್ಲಿ ಕೂರಲಾಗಲಿಲ್ಲ.

"ನನಗೂ ಒಂದು ಕೊಡಿ."

"ನಿಮ್ಗೂ ಎರಡು ಸಾವಿರನೇ."

ಚೌಕಾಸಿ ಮಾಡದೆ ದುಡ್ಡು ಕಳಿಸಿದೆ.