ಗಿರಣಿಯ ಗೋಡೆಗೆ ಹತ್ತಿದ ಹಂದಿಮನೆ

ಮಾನ್ವಿಯಲ್ಲಿ ನಮ್ಮ ಹಂದಿಗಳಿಗೆ ಮನೆ ಅಂತ ಇರಲಿಲ್ಲ. ಹಗಲೆಲ್ಲ ಊರು ಸುತ್ತುತ್ತಿದ್ದವು, ಸಂಜೆ ನಾನು ಕೂಗಿದರೆ ಓಡಿ ಬರುತ್ತಿದ್ದವು. ಆ ಕೂಗನ್ನು ದೇವದುರ್ಗದ ತವರಿನಿಂದ ತಂದಿದ್ದೆ. ನಮ್ಮವರಲ್ಲಿ ಒಂದೊಂದು ಮನೆಗೆ ಒಂದೊಂದು ಕೂಗು. ಬೇರೆಯವರು ಕೂಗಿದರೆ ನಮ್ಮ ಹಂದಿ ಕಿವಿ ಕೂಡ ಎತ್ತುವುದಿಲ್ಲ. ಕೂಗು ಇರುವಾಗ ಗೋಡೆ ಯಾಕೆ ಅಂದುಕೊಂಡಿದ್ದೆವು.

ಒಂದು ಬೇಸಿಗೆಯ ಸಂಜೆ ಕೂಗಿದಾಗ ದೊಡ್ಡ ಹಂದಿ ಬರಲಿಲ್ಲ. ಉತ್ತರ ಮಾತ್ರ ಬಂತು, ಪಕ್ಕದ ಅಕ್ಕಿ ಗಿರಣಿಯ ತಗಡಿನ ಕೋಣೆಯೊಳಗಿಂದ. ಒಣಹಾಕಿದ ಭತ್ತಕ್ಕೆ ಬಾಯಿ ಹಾಕಿತೆಂದು ಗಿರಣಿ ಸಾಹುಕಾರ ಮಧ್ಯಾಹ್ನವೇ ಅದನ್ನು ಒಳಗೆ ಕೂಡಿ ಬೀಗ ಜಡಿದಿದ್ದ.

“ಕೀಲಿ ಕೊಡ್ರಿ ಸಾವ್ಕಾರ್ರ, ಅದು ಬಸುರಿ ಅದ, ಸೆಕಿ ತಡ್ಯಾಂಗಿಲ್ಲ,” ಎಂದು ಅಂಗಲಾಚಿದೆ.

“ನಿಮಗ ಬುದ್ಧಿ ಬರ್ಲಿ ತಡಿ ಬೇ. ಚಾ ಕುಡದು ಕೊಡ್ತೀನಿ,” ಎಂದ.

ಹಂದಿಗೆ ಬೆವರು ಬರುವುದಿಲ್ಲ. ನೀರು, ನೆರಳು, ಎರಡೇ ಅದಕ್ಕೆ ಆಸರೆ. ನಮ್ಮ ಸೀಮೆಯ ಬಿಸಿಲಿಗೆ ಕಾದ ಆ ಕೋಣೆಯಲ್ಲಿ ಎರಡೂ ಇರಲಿಲ್ಲ. ಅವನು ಚಹಾ ಮುಗಿಸುವಷ್ಟರಲ್ಲಿ ಒಳಗಿನ ಸದ್ದು ನಿಂತಿತ್ತು.

ನಾನು ಅಳಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಇವನ ಗೋಡೆಗೇ ಹತ್ತಿಸಿ ನಮ್ಮ ಜಾಗದಲ್ಲಿ ಹಂದಿಮನೆ ಕಟ್ಟುತ್ತೇನೆ, ದಿನಾ ಇವನ ಕಣ್ಣು ಚುಚ್ಚಬೇಕು, ಆದರೆ ತಕರಾರಿಗೆ ಒಂದು ಕಾರಣವೂ ಸಿಗಬಾರದು ಎಂದು ಹಟ ತೊಟ್ಟೆ. ಕಟ್ಟಿಯೂ ಕಟ್ಟಿದೆ. ಗಾಳಿ ಆಡಲು ಗಿಡ್ಡ ಗೋಡೆ, ತಗಡಿನ ಮೇಲೆ ಹುಲ್ಲಿನ ದಪ್ಪ ಹೊದಿಕೆ, ನೀರು ನಿಲ್ಲದಂಥ ಇಳಿಜಾರು ನೆಲ. ಈದ ಹಂದಿ ಹೊರಳಿದರೆ ಮರಿಗಳು ಮೈಯಡಿ ಸಿಕ್ಕಿಕೊಳ್ಳದಿರಲಿ ಎಂದು ಗೋಡೆಗುಂಟ, ಗೇಣು ಜಾಗ ಬಿಟ್ಟು, ಕಬ್ಬಿಣದ ಪೈಪು. ಹೊಲಸು ಬಿದ್ದ ಕೂಡಲೇ ಎತ್ತುತ್ತಿದ್ದೆ. ತೌಡು ರಾಯಚೂರಿನಿಂದ ಬರುತ್ತಿತ್ತು. ಇವನ ಗಿರಣಿಯದನ್ನು ಮುಟ್ಟಲಿಲ್ಲ. ಸತ್ತ ಹಂದಿಯ ಹಿಂದಿನ ಸೂಲಿನ ಹೆಣ್ಣುಮರಿಗಳು ಅಲ್ಲೇ ದುಂಡಗೆ ಬೆಳೆದು ಈದವು, ಒಂದು ಮರಿಯೂ ಸಾಯಲಿಲ್ಲ.

ಸಾಹುಕಾರನಿಗೆ ತಡೆಯಲಾಗಲಿಲ್ಲ. ಹಂದಿಮನೆ ನಾರುತ್ತದೆ ಎಂದು ದೂರು ಕೊಟ್ಟು ಅಧಿಕಾರಿಯೊಬ್ಬರನ್ನು ಕರೆತಂದ.

“ಇಲ್ಲೇನೂ ನಾತ ಇಲ್ಲಲ್ರೀ,” ಎಂದ ಅಧಿಕಾರಿ ಗಿರಣಿ ಕಡೆಯಿಂದ ಬೀಸಿದ ವಾಸನೆಯ ಬೆನ್ನು ಹತ್ತಿ ಗೋಡೆಯಾಚೆ ಹೋದರು. ಅಲ್ಲಿ ಭತ್ತ ನೆನೆಸಿ ಬಿಟ್ಟ ಗಿರಣಿಯ ನೀರು ಬಯಲು ಚರಂಡಿಯಲ್ಲಿ ಹುಳಿತು ಕೊಳೆಯುತ್ತಿತ್ತು. ಅದನ್ನು ಸರಿಮಾಡುವ ತನಕ ಗಿರಣಿ ನಿಲ್ಲಿಸಿ ಎಂದರು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ನಡುಮಧ್ಯಾಹ್ನ ಅವನೇ ನನ್ನ ಬಾಗಿಲಿಗೆ ಬಂದ.

“ಯವ್ವಾ, ಗಿರಣಿ ನೀರು ಹೊರಗ ಹೋಗಾಕ ನಿನ್ನ ಜಾಗದಾಗ ಒಂದು ಪೈಪ್ ಹಾಕಾಕ ಬಿಡು. ಭತ್ತ ಎಲ್ಲಾ ನೆನದು ಕುಂತದ, ತಡಾ ಆದ್ರ ಕೆಟ್ಟು ಹೋಗ್ತದ.”

“ಕೂಡ್ರಿ ಸಾವ್ಕಾರ್ರ,” ಎಂದೆ. “ಚಾ ಕುಡದು ಹೇಳ್ತೀನಿ.”

ಒಲೆ ಹಚ್ಚಲಿಲ್ಲ. ಬಕೆಟ್ ಎತ್ತಿಕೊಂಡು ಹಿಂದೆ ಹೋಗಿ, ಹಂದಿಗಳ ಮೈಮೇಲೆ ನೀರು ಸುರಿಯುತ್ತ ನಿಂತೆ.